ರಂಗವಾದ್ಯವೃಂದದಲ್ಲಿ ಸುಷಿರವಾದಕನ ಸ್ಥಾನ

ನಮ್ಮ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆದವರು ನಟರನ್ನು ಕುರಿತು ಬರೆದಿದ್ದಾರೆ. ನಾಟಕಕಾರರನ್ನು ಕುರಿತು ಬರೆದಿದ್ದಾರೆ. ಪರದೆ, ಕಿರೀಟ, ಆನೆ, ಕುದುರೆಗಳನ್ನು ಕುರಿತೂ ಬರೆದಿದ್ದಾರೆ. ಸಂಗೀತದ ಮಾತು ಬಂದಾಗ ಹಾರ್ಮೋನಿಯಂ ಮಾಸ್ತರರ ಹೆಸರು ಅಲ್ಲಲ್ಲಿ ಕಾಣುತ್ತದೆ. ಆ ಮಾಸ್ತರರ ಪಕ್ಕದಲ್ಲಿ ಕುಳಿತು, ಒಂದು ದೃಶ್ಯಕ್ಕೆ ಕೊಳಲನ್ನೂ ಮತ್ತೊಂದಕ್ಕೆ ಕ್ಲಾರಿಯೋನೆಟ್ಟನ್ನೂ ಕೈಗೆತ್ತಿಕೊಂಡು, ಕೆಲವೊಮ್ಮೆ ಸ್ಯಾಕ್ಸೊಫೋನನ್ನೂ ನಿರ್ವಹಿಸಿದ ಸುಷಿರವಾದಕನಿಗೆ ಮಾತ್ರ ಈ ಚರಿತ್ರೆಯಲ್ಲಿ ಒಂದು ಪ್ಯಾರವೂ ದೊರೆತಿಲ್ಲ. ಒಬ್ಬನೇ ಹಲವು ಊದುವಾದ್ಯಗಳನ್ನು ನುಡಿಸುವ ಈ ಪದ್ಧತಿ ಹೇಗೆ ಬೆಳೆಯಿತು, ಮದರಾಸು ಅದಕ್ಕೆ ಹೇಗೆ ನೆಲೆಯಾಯಿತು, ಕನ್ನಡಿಗರಿಗೂ ಅದಕ್ಕೂ ಸಂಬಂಧವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದ ಭರತನು ನಾಟ್ಯಶಾಸ್ತ್ರದಲ್ಲಿ ವಾದ್ಯಗಾರರ ಕೂಟವನ್ನು ‘ಕುತಪ’ವೆಂದು ಕರೆದಿದ್ದಾನೆ. ನೇಪಥ್ಯದ ಎರಡು ಬಾಗಿಲುಗಳ ನಡುವೆ, ಅಂದರೆ ನಟರ ಬೆನ್ನ ಹಿಂದೆ, ಕುತಪದ ಸ್ಥಾನ. ಇಲ್ಲಿ ಗಮನಾರ್ಹವಾದ ಒಂದು ಅಂಶವುಂಟು. ಸುಷಿರವನ್ನು ಪ್ರತ್ಯೇಕ ವರ್ಗವೆಂದು ಹೇಳಿದ ಗ್ರಂಥವೇ, ಪ್ರಯೋಗದ ವೇಳೆಗೆ ಕೊಳಲಿನವನನ್ನು ತತಕುತಪದಲ್ಲಿ, ಗಾಯಕ ಮತ್ತು ವೀಣಾವಾದಕರ ಜೊತೆಯಲ್ಲಿ, ಕೂರಿಸುತ್ತದೆ. ಶಾಸ್ತ್ರದಲ್ಲಿ ಅವನಿಗೆ ಸ್ವಂತ ಮನೆಯುಂಟು. ರಂಗದ ಮೇಲೆ ಅವನು ಬೇರೊಬ್ಬರ ಮನೆಯ ಅತಿಥಿ. ಮುಂದಿನ ಶತಮಾನಗಳಲ್ಲಿಯೂ ಸುಷಿರವಾದಕನ ಪಾಡು ಬಹುಮಟ್ಟಿಗೆ ಹೀಗೆಯೇ ಉಳಿಯಿತು.

ವಾದ್ಯಗಾರರು ಹಿಂದೆ ಇರತಕ್ಕದ್ದೆಂಬ ಈ ಕ್ರಮ ನಮ್ಮ ಜನಪದ ರಂಗಭೂಮಿಯಲ್ಲಿ ಇಂದಿಗೂ ಅಳಿದಿಲ್ಲ. ಯಕ್ಷಗಾನದ ‘ಹಿಮ್ಮೇಳ’ ಎಂಬ ಮಾತೇ ಇದಕ್ಕೆ ಸಾಕ್ಷಿ. ಮೂಡಲಪಾಯದ ಹಿಮ್ಮೇಳದಲ್ಲಿ ಮುಖವೀಣೆಯೆಂಬ ಚಿಕ್ಕ ಊದುವಾದ್ಯವು ಭಾಗವತನ ಪದವನ್ನು ಬೆಂಬತ್ತಿ ನಡೆಯುತ್ತದೆ. ತಮಿಳುನಾಡಿನ ದೇವದಾಸಿಯರ ಸದಿರ್ ನೃತ್ಯದಲ್ಲಿಯೂ ಮುಖವೀಣೆಯೇ ಇತ್ತು. ನಟ್ಟುವನಾರರು, ಮೃದಂಗದವರು, ಮುಖವೀಣೆಯವರು ನರ್ತಕಿಯ ಹಿಂದೆ ನಿಂತು, ಅವಳು ಮುಂದೆ ಬಂದರೆ ತಾವೂ ಮುಂದೆ ಬಂದು, ಹಿಂದೆ ಸರಿದರೆ ತಾವೂ ಸರಿದು ನುಡಿಸುತ್ತಿದ್ದರು.

ಈ ಸ್ಥಿತಿಯಲ್ಲಿ ಮೊದಲನೆಯ ಬದಲಾವಣೆ ತಂಜಾವೂರಿನಲ್ಲಿ ಆಯಿತು. ಎರಡನೆಯ ಸರ್ಫೋಜಿ ಮಹಾರಾಜನು (ಆಳ್ವಿಕೆ 1798–1832) ತನ್ನ ಆಸ್ಥಾನದಲ್ಲಿ ಯೂರೋಪಿನ ಮಾದರಿಯ ಬ್ಯಾಂಡನ್ನು ಇಟ್ಟುಕೊಂಡಿದ್ದನು. 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಡೆನ್ನರ್ ಎಂಬ ಕುಶಲಿಯ ಕೈಯಲ್ಲಿ ರೂಪುಗೊಂಡ ಕ್ಲಾರಿನೆಟ್ ಅಂತಹ ಬ್ಯಾಂಡುಗಳ ಮೂಲಕವೇ ನಮ್ಮ ದೇಶಕ್ಕೆ ಬಂದದ್ದು. ಅದನ್ನು ಸದಿರ್ ಮೇಳಕ್ಕೆ ತಂದವರು ಮಹಾದೇವ ನಟ್ಟುವನಾರರೆಂಬುದು ಸಂಗೀತ ಚರಿತ್ರಕಾರರ ಅಭಿಪ್ರಾಯ. ಮುಖವೀಣೆಗಿಂತ ವಿಸ್ತಾರವಾದ ಸ್ಥಾಯಿ, ಮೃದುವಾಗಿಯೂ ಬಲವಾಗಿಯೂ ಊದಬಹುದಾದ ನಾದ, ಇವುಗಳಿಂದಾಗಿ ಕ್ರಮೇಣ ಕ್ಲಾರಿಯೋನೆಟ್ ಮುಖವೀಣೆಯ ಸ್ಥಾನವನ್ನು ಆಕ್ರಮಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಬಾಲಸರಸ್ವತಿಯವರ ನೃತ್ಯಕ್ಕೂ ಕ್ಲಾರಿಯೋನೆಟ್ಟಿನ ಸಾಥ್ ಇತ್ತು. ತಂಜಾವೂರು ಸಹೋದರರಲ್ಲಿ ಹಿರಿಯನಾದ ಚಿನ್ನಯ್ಯನು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವನು ಎಂಬುದನ್ನು ನೆನೆದರೆ, ತಂಜಾವೂರಿನ ಈ ನೃತ್ಯಸಂಪ್ರದಾಯ ಮೈಸೂರಿಗೆ ಹೊರಗಿನದಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಬದಲಾವಣೆ ಆಸನಕ್ಕೆ ಸಂಬಂಧಿಸಿದ್ದು. ಪಾರ್ಸಿ ಮತ್ತು ಮರಾಠಿ ನಾಟಕ ಮಂಡಲಿಗಳ ಪ್ರಭಾವದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಹೊಸ ರಂಗಮಂದಿರ ಬಂದಿತು. ಬಣ್ಣದ ಪರದೆಗಳಿರುವ ಚೌಕಟ್ಟಿನ ರಂಗದಲ್ಲಿ ಹಿಮ್ಮೇಳಕ್ಕೆ ಹಿಂದೆ ಜಾಗವಿಲ್ಲ. ಅರಮನೆಯ ಪರದೆಯ ಮುಂದೆ ಮೃದಂಗದವನು ಕಾಣಿಸಿಕೊಂಡರೆ ಅರಮನೆಯ ಭ್ರಾಂತಿಯೇ ಹೋಗುತ್ತದೆ. ಆದ್ದರಿಂದ ವಾದ್ಯಗಾರರು ರಂಗದ ಮುಂದಿನ ತಗ್ಗಿಗೆ ಇಳಿದರು. ಪ್ರೇಕ್ಷಕರಿಗೆ ಬೆನ್ನು, ನಟನಿಗೆ ಮುಖ. ಇದು ಕೇವಲ ಸ್ಥಳದ ಬದಲಾವಣೆಯಲ್ಲ. ಹಿಮ್ಮೇಳದವನು ನಟನ ಬೆನ್ನನ್ನು ನೋಡಿ ನುಡಿಸುತ್ತಿದ್ದನು. ತಗ್ಗಿನಲ್ಲಿ ಕುಳಿತವನು ನಟನ ಮುಖವನ್ನು ನೋಡುತ್ತಾನೆ, ತುಟಿಯ ಚಲನೆಯಿಂದಲೇ ಮುಂದಿನ ಪಲ್ಲವಿಯನ್ನು ಊಹಿಸುತ್ತಾನೆ. ಆದರೆ ಪ್ರೇಕ್ಷಕನ ಕಣ್ಣಿಗೆ ಅವನು ಬೀಳುವುದಿಲ್ಲ. ಚರಿತ್ರಕಾರನ ಕಣ್ಣಿಗೂ ಬೀಳದೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಹೊಸ ರಂಗಭೂಮಿ ಮದರಾಸಿನಲ್ಲಿ ಬೇರೂರುವುದರಲ್ಲಿ ಬಳ್ಳಾರಿಯ ಪಾಲು ಹಿರಿದು. ಬಳ್ಳಾರಿಯ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರ (1853–1912) ಸರಸವಿನೋದಿನೀ ಸಭೆಯು 1891ರಲ್ಲಿ ಮದರಾಸಿಗೆ ಬಂದು ನಾಟಕಗಳನ್ನಾಡಿತು. ಅದನ್ನು ಕಂಡು ಪ್ರೇರಿತರಾದ ತರುಣ ಪಮ್ಮಲ್ ಸಂಬಂಧ ಮೊದಲಿಯಾರರು ಅದೇ ವರ್ಷ ಸುಗುಣವಿಲಾಸ ಸಭೆಯನ್ನು ಕಟ್ಟಿದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಊರು. 1953ರವರೆಗೂ ಹಾಗೆಯೇ ಉಳಿಯಿತು. ಸಭೆಗಳು ವಿದ್ಯಾವಂತ ಹವ್ಯಾಸಿಗಳ ಸಂಸ್ಥೆಗಳು. ಕಂಪನಿಗಳಾದರೋ ಹೊಟ್ಟೆಪಾಡಿನವು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆಯ ನಾಟಕ ಸಭೆ, 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಪ್ರಸಿದ್ಧಿಗೆ ಬಂದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿ, ಇವೆಲ್ಲ ಸಂಗೀತವನ್ನೇ ಪ್ರಾಣವಾಗಿ ಉಳ್ಳ ಮೇಳಗಳು. ಒಂದು ನಾಟಕಕ್ಕೆ ಹಲವು ಹತ್ತು ಹಾಡುಗಳು. ‘ಒನ್ಸ್ ಮೋರ್’ ಬಂದರೆ ಅದೇ ಹಾಡು ಮತ್ತೆ, ಮತ್ತೂ ಮತ್ತೆ.

ಕಂಪನಿಯ ಯಜಮಾನನ ಲೆಕ್ಕದ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಂಡರೆ ಬಹುವಾದ್ಯದ ಮೂಲ ತಿಳಿಯುತ್ತದೆ. ಊರಿಂದೂರಿಗೆ ಸಾಗುವ ಕಂಪನಿಯಲ್ಲಿ ಪ್ರತಿಯೊಬ್ಬ ವಾದ್ಯಗಾರನಿಗೂ ಸಂಬಳ, ಊಟ, ರೈಲಿನ ಚೀಟಿ, ಮಲಗುವ ಜಾಗ ಬೇಕು. ವಾದ್ಯಕ್ಕೆ ಊಟ ಬೇಕಿಲ್ಲ. ಹಾರ್ಮೋನಿಯಂ, ತಬಲ ಅನಿವಾರ್ಯ. ಅನುಕೂಲವಿದ್ದ ಕಡೆ ಪಿಟೀಲು ಮತ್ತು ಒಬ್ಬ ಊದುವವನು. ಕೃಷ್ಣ ಬಂದಾಗ ಕೊಳಲು ಬೇಕು, ಮದುವೆಯ ದೃಶ್ಯಕ್ಕೆ ಓಲಗದ ನಾದ ಬೇಕು, ಪರದೆ ಏಳುವ ಮುನ್ನ ‘ಬ್ಯಾಂಡಿನ’ ಅಬ್ಬರ ಬೇಕು. ಮೂವರನ್ನು ಇಟ್ಟುಕೊಳ್ಳುವುದಕ್ಕಿಂತ ಮೂರನ್ನೂ ಬಲ್ಲ ಒಬ್ಬನನ್ನು ಇಟ್ಟುಕೊಳ್ಳುವುದು ಲೇಸು. ಕಂಪನಿಯ ಸಂಬಳ ಆಳಿಗೆ, ವಾದ್ಯಗಳ ಎಣಿಕೆಗಲ್ಲ. ಮೂಕಚಿತ್ರಗಳ ಕಾಲದಲ್ಲಿ ತೆರೆಯ ಮುಂದೆ ಕುಳಿತು ನುಡಿಸುತ್ತಿದ್ದ ಮೇಳಗಳಿಗೂ ಇದೇ ನ್ಯಾಯ ಅನ್ವಯಿಸಿತು. ಚಲನಚಿತ್ರ ಸಂಗೀತಕ್ಕೆ ಮುಂದೆ ಹೆಸರಾದ ರಾಜನ್–ನಾಗೇಂದ್ರ ಸೋದರರ ತಂದೆ, ಮೈಸೂರಿನ ರಾಜಪ್ಪನವರು, ಹಾರ್ಮೋನಿಯಂ ಮತ್ತು ಕೊಳಲು ಎರಡನ್ನೂ ಬಲ್ಲವರಾಗಿದ್ದು, ಮೂಕಚಿತ್ರಗಳಿಗೆ ವಾದ್ಯ ನುಡಿಸಿದವರು.

ಮಿತವ್ಯಯದಿಂದ ಹುಟ್ಟಿದ ಪದ್ಧತಿಯೆಂದು ಇದನ್ನು ಲಘುವಾಗಿ ಎಣಿಸುವಂತಿಲ್ಲ. ಹಲವು ಊದುವಾದ್ಯಗಳನ್ನು ಒಂದೇ ರಾತ್ರಿಯಲ್ಲಿ ನುಡಿಸುವುದು ಎಷ್ಟು ಕಠಿನವೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಂದು ಮನೆಯೆಂದರೆ ಪಾಶ್ಚಾತ್ಯರ ಸಿ ಸ್ವರ, ಐದು ಮನೆಯೆಂದರೆ ಜಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿಗೆ ಕೇಳಿಸಬೇಕಾದ ನಟ ಎತ್ತರದ ಶ್ರುತಿಯಲ್ಲಿ ಹಾಡಲೇಬೇಕು. ಒಬ್ಬ ನಟನ ಷಡ್ಜ ಐದು ಮನೆಯೆಂದು ಇಟ್ಟುಕೊಳ್ಳೋಣ. ಪಾಶ್ಚಾತ್ಯ ಕೊಳಲಿನಲ್ಲಿ ಜಿ ಹಿಡಿದರೆ ಆ ಷಡ್ಜ ಬರುತ್ತದೆ. ಸಾಮಾನ್ಯ ಬಳಕೆಯ ಕ್ಲಾರಿಯೋನೆಟ್ಟಿನಲ್ಲಿ ಸಿ ಹಿಡಿದರೆ ಕೇಳಿಸುವುದು ಆರೂವರೆ ಮನೆಯ ಸ್ವರ. ಆದ್ದರಿಂದ ಐದು ಮನೆಯ ಷಡ್ಜಕ್ಕೆ ಅದರಲ್ಲಿ ಎ ಹಿಡಿಯಬೇಕು. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಸಿ ಹಿಡಿದರೆ ಎರಡೂವರೆ ಮನೆ ಕೇಳುತ್ತದೆ. ಅಲ್ಲಿ ಅದೇ ಷಡ್ಜಕ್ಕೆ ಇ ಹಿಡಿಯಬೇಕು. ಒಂದೇ ಷಡ್ಜ, ಮೂರು ಹಿಡಿತ. ನಾಯಕಿಯ ಶ್ರುತಿ ಬೇರೆಯಾದರೆ ಲೆಕ್ಕವೆಲ್ಲ ಮತ್ತೆ ಬದಲಾಗುತ್ತದೆ. ಬಿದಿರಿನ ವೇಣುವಾದರೆ ಶ್ರುತಿಗೊಂದರಂತೆ ಬೇರೆ ಬೇರೆ ಕೊಳಲು. ಚೀಲದ ತುಂಬ ಕೊಳಲುಗಳನ್ನು ಹೊರಬೇಕು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಒಂದುಂಟು. ಕೊಳಲಿನಲ್ಲಿಯೂ ಸ್ಯಾಕ್ಸೊಫೋನಿನಲ್ಲಿಯೂ ಉಸಿರಿನ ಒತ್ತಡ ಹೆಚ್ಚಿಸಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. ಷಡ್ಜ ಷಡ್ಜವಾಗಿಯೇ ಇರುತ್ತದೆ. ಕ್ಲಾರಿಯೋನೆಟ್ ಉದ್ದಕ್ಕೂ ಒಂದೇ ಅಳತೆಯ ಕೊಳವೆಯಾಗಿದ್ದು, ಬಾಯಿಯ ಕಡೆ ಮುಚ್ಚಿದಂತೆ ವರ್ತಿಸುವುದರಿಂದ, ಅದರಲ್ಲಿ ಷಡ್ಜದ ಬೆರಳಿಗೆ ಮೇಲಿನ ಸ್ಥಾಯಿಯ ಪಂಚಮ ಬರುತ್ತದೆ. ಅಂದರೆ ಒಂದು ವಾದ್ಯಕ್ಕೆ ಕೈ ಕಲಿತ ದಾರಿ ಇನ್ನೊಂದರಲ್ಲಿ ತಪ್ಪುದಾರಿಯಾಗುತ್ತದೆ. ಸೀಳಿಲ್ಲದ ಕೊಳಲಿಗೆ ತುಟಿಯನ್ನು ಸಡಿಲಿಸಿ ಗಾಳಿಯನ್ನು ಅಂಚಿಗೆ ಬಿಡಬೇಕು. ಒಂಟಿ ಸೀಳಿನ ಕ್ಲಾರಿಯೋನೆಟ್ಟಿಗೆ ತುಟಿಯನ್ನು ಬಿಗಿಯಬೇಕು. ಜೋಡಿ ಸೀಳಿನ ಮುಖವೀಣೆ, ನಾಗಸ್ವರಗಳ ಪಟ್ಟು ಮತ್ತೊಂದು. ಒಣಗಿದ ಸೀಳು ನುಡಿಯುವುದಿಲ್ಲವಾದ್ದರಿಂದ ಸರದಿ ಬರುವ ಮೊದಲೇ ಅದನ್ನು ಬಾಯಲ್ಲಿ ನೆನೆಸಿಟ್ಟುಕೊಂಡಿರಬೇಕು. ಇಷ್ಟನ್ನೂ ನಟನ ಎರಡು ಸಾಲು ಮಾತಿನ ಅವಧಿಯಲ್ಲಿ, ಮಂದ ಬೆಳಕಿನ ತಗ್ಗಿನಲ್ಲಿ, ಸದ್ದು ಮಾಡದೆ ಮುಗಿಸಬೇಕು.

ಪಶ್ಚಿಮದ ಗೀತನಾಟಕ ರಂಗದಲ್ಲಿಯೂ ಇದೇ ಪದ್ಧತಿ ಬೆಳೆದಿದೆ. 1957ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡ ಬರ್ನ್‌ಸ್ಟೈನರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಊದುವಾದ್ಯದವರು ಐವರು. ಅವರಲ್ಲೊಬ್ಬನ ಪಾಲಿಗೆ ಕೊಳಲು, ಓಬೋ, ಕ್ಲಾರಿನೆಟ್, ಸ್ಯಾಕ್ಸೊಫೋನ್ ಎಲ್ಲವೂ ಬರುತ್ತವೆ. ಅಲ್ಲಿ ಬರೆದಿಡುವ ಸ್ವರಲಿಪಿಯ ಪುಸ್ತಕ ವಾದ್ಯಕ್ಕೆ ಸೇರಿದ್ದಲ್ಲ, ಆಸನಕ್ಕೆ ಸೇರಿದ್ದು: ಒಂದನೆಯ ಆಸನದ ಪುಸ್ತಕ, ಎರಡನೆಯ ಆಸನದ ಪುಸ್ತಕ ಎಂಬಂತೆ. ಕಾರಣ ಅಲ್ಲಿಯೂ ಜಾಗ ಮತ್ತು ಹಣದ ಮಿತಿಯೇ. ವ್ಯತ್ಯಾಸವಿರುವುದು ಗೌರವದಲ್ಲಿ. ಅಲ್ಲಿಯ ವಾದ್ಯಗಾರರ ಸಂಘವು ಎರಡನೆಯ ವಾದ್ಯವನ್ನು ಕೈಗೆತ್ತಿಕೊಂಡವನಿಗೆ ವೇತನದ ಮೇಲೆ ಹೆಚ್ಚುವರಿ ಪಾಲು ಸಲ್ಲತಕ್ಕದ್ದೆಂದು ಒಪ್ಪಂದದಲ್ಲಿಯೇ ಬರೆಸಿತು. ಹೆಚ್ಚಿನ ವಿದ್ಯೆಗೆ ಹೆಚ್ಚಿನ ಕೂಲಿ ಎಂಬ ಈ ತತ್ತ್ವದಿಂದ ಬಹುವಾದ್ಯವು ಅಲ್ಲಿ ಒಂದು ಪ್ರತ್ಯೇಕ ವೃತ್ತಿಯ ಹೆಸರನ್ನು ಪಡೆಯಿತು. ನಮ್ಮ ಕಂಪನಿಗಳಲ್ಲಿ ಅದು ‘ಎಲ್ಲಾ ನುಡಿಸುತ್ತಾನೆ’ ಎಂಬ ಮೆಚ್ಚುಮಾತಿನಲ್ಲಿಯೇ ನಿಂತಿತು.

ಮೂರನೆಯ ಬದಲಾವಣೆಯೊಂದಿಗೆ ಕಥೆ ಸಂಪೂರ್ಣವಾಗಿ ಮದರಾಸಿಗೆ ಬರುತ್ತದೆ. ಮಾತಿನ ಚಿತ್ರ ಬಂದಮೇಲೆ ಕಂಪನಿಗಳ ನಟರು ಹೇಗೋ ಹಾಗೆಯೇ ವಾದ್ಯಗಾರರೂ ಸ್ಟುಡಿಯೊಗಳ ಬಾಗಿಲಿಗೆ ಬಂದರು. 1940ರ ದಶಕದಲ್ಲಿ ಜೆಮಿನಿಯಂತಹ ದೊಡ್ಡ ಸ್ಟುಡಿಯೊ ತಿಂಗಳ ಸಂಬಳದ ವಾದ್ಯವೃಂದವನ್ನೇ ಇಟ್ಟುಕೊಂಡಿತ್ತು. 1948ರಲ್ಲಿ ಎ.ವಿ.ಎಂ. ಕಾರೈಕುಡಿಯಿಂದ ವಡಪಳನಿಗೆ ಬಂದಿತು. ಗುಬ್ಬಿ ಕಂಪನಿಯ ಹಿನ್ನೆಲೆಯಿಂದ ಬಂದ ‘ಬೇಡರ ಕಣ್ಣಪ್ಪ’ (1954) ಎ.ವಿ.ಎಂ. ಸಹಯೋಗದಲ್ಲಿ ಮದರಾಸಿನಲ್ಲಿಯೇ ತಯಾರಾಯಿತು. ಅಲ್ಲಿಂದ ಎರಡು ದಶಕಗಳಿಗೂ ಮಿಕ್ಕು ಕನ್ನಡ ಚಿತ್ರಸಂಗೀತದ ಬಹುಭಾಗ ಕೋಡಂಬಾಕ್ಕಂ–ವಡಪಳನಿಗಳಲ್ಲಿಯೇ ಧ್ವನಿಮುದ್ರಣಗೊಂಡಿತು. ಕನ್ನಡಿಗರು ತಮ್ಮದೆಂದು ಎದೆಗೆ ಹಚ್ಚಿಕೊಂಡ ಹಾಡುಗಳ ಕೊಳಲು, ಕ್ಲಾರಿಯೋನೆಟ್ಟುಗಳಿಗೆ ಉಸಿರು ಕೊಟ್ಟದ್ದು ಈ ನಗರ.

ಸ್ಟುಡಿಯೊದಲ್ಲಿ ವಾದ್ಯಗಾರನು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಟನಿಂದ ಬಹುದೂರ, ಮತ್ತೊಂದು ಕಟ್ಟಡದಲ್ಲಿ, ಮತ್ತೊಂದು ದಿನ ಕುಳಿತಿದ್ದಾನೆ. ಆದರೆ ತಗ್ಗಿನ ವಿದ್ಯೆ ಇಲ್ಲಿ ಇನ್ನೂ ಹೆಚ್ಚಾಗಿ ಬೇಕಾಯಿತು. ಗಾಯಕರೂ ವಾದ್ಯಗಾರರೂ ಒಂದೇ ಸಭಾಂಗಣದಲ್ಲಿ ಕೂಡಿ ಒಂದೇ ಸಲಕ್ಕೆ ಮುದ್ರಿಸುತ್ತಿದ್ದ ಕಾಲವದು. ಒಬ್ಬನ ಸೀಳು ಕೀಚಲು ಹೊರಡಿಸಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಬೆಳಗಿನ ಕಾಲ್‌ಷೀಟಿನಲ್ಲಿ ಭಕ್ತಿಗೀತೆ, ಮಧ್ಯಾಹ್ನದ ಕಾಲ್‌ಷೀಟಿನಲ್ಲಿ ಕ್ಲಬ್ಬಿನ ಕುಣಿತ. ವಿಶ್ವನಾಥನ್–ರಾಮಮೂರ್ತಿಯವರ ಬಳಗದಲ್ಲಿ ಪಳಗಿದ ಜಿ. ಕೆ. ವೆಂಕಟೇಶರು (1927–1993) ‘ಸಂಧ್ಯಾರಾಗ’ (1966) ಚಿತ್ರದಲ್ಲಿ ಶಾಸ್ತ್ರೀಯ ಸಂಗೀತವನ್ನು ಬಳಸಿದರು. ಎರಡೇ ವರ್ಷದಲ್ಲಿ ‘ಜೇಡರ ಬಲೆ’ (1968) ಎಂಬ ಪತ್ತೇದಾರಿ ಚಿತ್ರಕ್ಕೆ ಜಾಜ್ ಶೈಲಿಯ ಸಂಗೀತ ಕೊಟ್ಟರು. ಇಂತಹ ನಿರ್ದೇಶಕನಿಗೆ ಎಂತಹ ಊದುವಾದ್ಯದವರು ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವರ ವಾದ್ಯವೃಂದದಲ್ಲಿಯೇ ಇಳಯರಾಜರು ಹಲವು ವರ್ಷ ದುಡಿದು, 1976ರಲ್ಲಿ ‘ಅನ್ನಕ್ಕಿಳಿ’ಯ ಮೂಲಕ ಸ್ವತಂತ್ರರಾದರು. ವಾದ್ಯಗಾರರ ಕೂಲಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡು ಮದರಾಸಿನಲ್ಲಿ ಸಿನಿಮಾ ವಾದ್ಯಗಾರರ ಸಂಘವನ್ನು ಕಟ್ಟಿದ ಕೀರ್ತಿ ಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ (1925–1988) ಅವರದು.

ಆದರೂ ಚಿತ್ರದ ಆರಂಭದ ಅಕ್ಷರಗಳಲ್ಲಿ ಸಂಗೀತ ನಿರ್ದೇಶಕನ ಹೆಸರು, ಗೀತಕಾರನ ಹೆಸರು, ಗಾಯಕರ ಹೆಸರು ಬಂದವು. ಊದಿದವನ ಹೆಸರು ಬಂದದ್ದು ಅಪರೂಪ. ಗ್ರಾಮಾಫೋನ್ ತಟ್ಟೆಯ ಮೇಲಂತೂ ಅದಕ್ಕೆ ಜಾಗವೇ ಇರಲಿಲ್ಲ.

ಬಹುವಾದ್ಯದ ದಾರಿಯನ್ನು ಬಿಟ್ಟು ಏಕವಾದ್ಯದ ದಾರಿ ಹಿಡಿದವರನ್ನು ಇಲ್ಲಿ ಸ್ಮರಿಸದಿದ್ದರೆ ವಿವೇಚನೆ ಅಪೂರ್ಣವಾದೀತು. ತಿರುಚಿರಾಪಳ್ಳಿಯ ಎ. ಕೆ. ಸಿ. ನಟರಾಜನ್ ಕ್ಲಾರಿಯೋನೆಟ್ಟನ್ನು ಕಚೇರಿಯ ಪ್ರಧಾನ ವಾದ್ಯವನ್ನಾಗಿಸಿದರು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನಿಗೆ ಅದೇ ಪದವಿಯನ್ನು ದೊರಕಿಸಿಕೊಟ್ಟವರು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019). ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತರು. ಸ್ವತಃ ನಾಲ್ವಡಿ ಕೃಷ್ಣರಾಜ ಒಡೆಯರೂ ಸ್ಯಾಕ್ಸೊಫೋನ್ ಬಲ್ಲವರಾಗಿದ್ದ ಅರಮನೆಯದು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿಯೂ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದು, ಗಮಕಕ್ಕೆ ಒಗ್ಗದೆಂದು ಭಾವಿಸಲಾಗಿದ್ದ ಲೋಹದ ಕೊಳವೆಯಿಂದ ಗಮಕವನ್ನು ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷದ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಅವರ ವಾದನ ಜನರ ಮನೆಮಾತಾಯಿತು. ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ಜಾಜ್ ವಾದಕ ರುದ್ರೇಶ್ ಮಹಂತಪ್ಪ 2008ರಲ್ಲಿ ಅವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. ವಲಸೆ ಹೋದ ಕನ್ನಡಿಗನೊಬ್ಬ ಸ್ಯಾಕ್ಸೊಫೋನಿನ ಮೂಲಕ ಕನ್ನಡನಾಡಿನ ಹಿರಿಯನನ್ನು ಅರಸಿ ಬಂದದ್ದು ಪ್ರವಾಸಿ ಕನ್ನಡಿಗರಿಗೆ ವಿಶೇಷ ಅರ್ಥವುಳ್ಳ ಸಂಗತಿ.

ಇನ್ನೊಂದು ಪ್ರಯೋಗವೂ ಉಲ್ಲೇಖಾರ್ಹ. ಡಾ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಸಂಪ್ರದಾಯಸ್ಥರು ಇದನ್ನು ಆಕ್ಷೇಪಿಸಿದ್ದುಂಟು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಮೂಡಲಪಾಯದಲ್ಲಿ ಮುಖವೀಣೆ ಮಾಡುತ್ತ ಬಂದ ಕೆಲಸವನ್ನೇ, ಅಂದರೆ ಪದದ ಸ್ವರವನ್ನು ಹಿಡಿದು ನಿಲ್ಲಿಸುವುದನ್ನೇ, ಸ್ಯಾಕ್ಸೊಫೋನಿಗೆ ಅವರು ವಹಿಸಿದರು ಎನ್ನಬೇಕು. ಊದುವವನು ಹೊಸ ವಾದ್ಯದೊಂದಿಗೆ ಹಳೆಯ ಆಸನಕ್ಕೆ ಮರಳಿದ ನಿದರ್ಶನವಿದು.

1980ರ ದಶಕದಲ್ಲಿ ವಿದ್ಯುನ್ಮಾನ ಕೀಲಿಮಣೆಗಳು ಬಂದವು. ಒಂದೊಂದಾಗಿ ಮುದ್ರಿಸಿ ಅನಂತರ ಜೋಡಿಸುವ ವಿಧಾನವೂ ಬಂದಿತು. ಕೀಲಿಮಣೆಯಲ್ಲಿ ಕ್ಲಾರಿಯೋನೆಟ್, ಓಬೋ, ಕೊಳಲು ಎಲ್ಲವೂ ಒಂದೊಂದು ಗುಂಡಿಯ ಹಿಂದೆ ಅಡಗಿವೆ. ಕಂಪನಿಯ ಯಜಮಾನನ ತರ್ಕವೇ ಇದು: ಮೂವರ ಬದಲು ಒಬ್ಬ. ಆ ತರ್ಕವೇ ಬಹುವಾದ್ಯದವನನ್ನು ಹುಟ್ಟಿಸಿತು. ಕೊನೆಗೆ ಅದೇ ಅವನ ಆಸನವನ್ನೂ ಕಸಿದುಕೊಂಡಿತು. ಕನ್ನಡ ಚಿತ್ರಗಳ ಧ್ವನಿಮುದ್ರಣವೂ ಸಂಕೇತ್ ಮೊದಲಾದ ಸ್ಟುಡಿಯೊಗಳ ಉದಯದೊಂದಿಗೆ ಬೆಂಗಳೂರಿಗೆ ಸಾಗಿತು. ಜೀವಂತ ಊದುವಾದ್ಯಕ್ಕೆ ಇಂದಿಗೂ ಬೇಡಿಕೆಯಿಲ್ಲವೆಂದಲ್ಲ. ಆದರೆ ದಿನಕ್ಕೆರಡು ಕಾಲ್‌ಷೀಟುಗಳಲ್ಲಿ ಮೂರು ವಾದ್ಯಗಳನ್ನು ನುಡಿಸಿ ಸಂಸಾರ ಸಾಗಿಸುವ ಕಾಲ ಮುಗಿದಿದೆ.

ಈ ಚರಿತ್ರೆಯ ಆಧಾರಗಳು ಗ್ರಂಥಾಲಯಗಳಲ್ಲಿಲ್ಲ. ಅವು ಮನೆಗಳ ಅಟ್ಟದ ಮೇಲಿವೆ: ವಾದ್ಯಗಾರನು ತನ್ನ ಭಾಗವನ್ನಷ್ಟೇ ಬರೆದುಕೊಂಡ ನೋಟು ಪುಸ್ತಕ, ಕೂಲಿಯ ರಸೀತಿ, ಒಡೆದ ಮೂತಿಯ ಕ್ಲಾರಿಯೋನೆಟ್. ಒಂದು ಭಾಗದ ಪುಸ್ತಕದಲ್ಲಿ ಹಾಡಿರುವುದಿಲ್ಲ, ನಿರ್ದೇಶಕನ ಹೆಸರೂ ಇರಲಾರದು. ತಿಳಿಯದವರ ಕಣ್ಣಿಗೆ ಅದು ರದ್ದಿ. ಸ್ಟುಡಿಯೊಗಳ ಉಚ್ಛ್ರಾಯ ಕಾಲದಲ್ಲಿ ದುಡಿದ ತಲೆಮಾರಿನವರು ಈಗ ವಯೋವೃದ್ಧರು. ನಟಿಯರ, ನಾಟಕಕಾರರ ಆತ್ಮಕಥೆಗಳನ್ನು ಪ್ರಕಟಿಸಿದ ಕನ್ನಡ ಸಂಸ್ಥೆಗಳು ಈ ಮನೆಗಳ ಬಾಗಿಲನ್ನೂ ತಟ್ಟಬೇಕಾಗಿದೆ. ಈ ಕೆಲಸ ಬೆಂಗಳೂರಿನಿಂದ ಆಗುವಂಥದಲ್ಲ. ವಡಪಳನಿ, ಸಾಲಿಗ್ರಾಮಂಗಳಿಗೆ ಸಂಜೆಯ ಹೊತ್ತು ನಡೆದು ಹೋಗಬಲ್ಲ, ತಮಿಳಿನಲ್ಲಿ ಕೇಳಿ ಕನ್ನಡದಲ್ಲಿ ಬರೆಯಬಲ್ಲ ಚೆನ್ನೈ ಕನ್ನಡಿಗರಿಂದ ಆಗತಕ್ಕದ್ದು. ಎರಡು ನುಡಿಗಳನ್ನು ಒಂದೇ ಬಾಯಲ್ಲಿ ನಿಭಾಯಿಸುವ ಕಷ್ಟವನ್ನೂ ಸೊಗಸನ್ನೂ ನಿತ್ಯ ಬಲ್ಲವರು, ಮೂರು ವಾದ್ಯಗಳನ್ನು ಒಂದೇ ಉಸಿರಿನಲ್ಲಿ ನಿಭಾಯಿಸಿದವನ ಹೆಸರನ್ನು ಬರೆದಿಡಲು ಎಲ್ಲರಿಗಿಂತ ಅರ್ಹರು. ಆ ಹೆಸರುಗಳು ದೊರೆತ ಮೇಲೆಯೇ ನಮ್ಮ ರಂಗಸಂಗೀತದ ಚರಿತ್ರೆಯನ್ನು ಪೂರ್ಣವೆಂದು ಕರೆಯಲು ಸಾಧ್ಯವಾದೀತು.